ಬಾಯಿ ಮುಚ್ಚಿಕೊಂಡು ಮಾಡಿದ ಭಕ್ತಿ

ನಮ್ಮ ಮನ್ಯಾಗ ರಾತ್ರಿ ಊಟಕ್ಕ ಮೊದಲು ಕುಟುಂಬ ಪ್ರಾರ್ಥನಿ ಆಗಬೇಕು. ಅದು ನಾ ಮಾಡಿದ ಕಾಯ್ದೆ. ಎಲ್ಲಾರೂ ಚಾಪಿ ಮ್ಯಾಲೆ ಕುಂದ್ರಬೇಕು, ಕಣ್ಣು ಮುಚ್ಚಬೇಕು, ಒಬ್ಬರು ಪ್ರಾರ್ಥನಿ ಮಾಡುಮುಂದ ಮತ್ತೊಬ್ಬರು ನಡುವ ಬಾಯಿ ಹಾಕಬಾರದು. ಮೊದಲಿನಿಂದ ಕಡೀತನಕ ಪ್ರಾರ್ಥನಿ ಮಾಡಾಕಿ ನಾನ. ಹಿಂಗಾಗಿ ದಿನದಾಗ ಒಂದು ಹೊತ್ತು ನಾ ಏನಂದ್ರೂ ಎದುರು ಮಾತಾಡೋರು ಯಾರೂ ಇರೂದಿಲ್ಲ. ಇಂಥಾ ಅನುಕೂಲ ದೇವರು ಎಲ್ಲಾ ಹೆಣ್ಮಕ್ಕಳಿಗೂ ಕೊಡೂದಿಲ್ಲ. ನನಗ ಕೊಟ್ಟ, ನಾ ಪೂರಾ ಉಪಯೋಗ ಮಾಡ್ಕೊಂಡೆ.

"ಕರ್ತನೇ, ಈ ಮನಿಯೊಳಗ ಹಸೀ ಟವೆಲ್ಲು ಹಾಸಿಗಿ ಮ್ಯಾಲೆ ಒಗಿಯೋರು ಒಬ್ರು ಅದಾರ, ಅವ್ರಿಗೆ ಬುದ್ಧಿ ಕೊಡಪ್ಪಾ. ಓದಂತ ಕುಂದ್ರಿಸಿದ್ರ ಮೊಬೈಲಿನ್ಯಾಗ ಮುಖಾ ತುರುಕಿ ನಗೋರು ಒಬ್ರು ಅದಾರ, ಅವ್ರ ಕಣ್ಣು ತೆರಿಯಪ್ಪಾ. ಸಕ್ರಿ ಕಾಯಿಲಿ ಇದ್ರೂ ಡಬ್ಬಿಯೊಳಗಿನ ಕರದಂಟು ಕದ್ದು ತಿನ್ನೋ ಹಿರಿಯ ಜೀವ ಒಂದೈತಿ, ಅದಕ್ಕ ಆಯುಷ್ಯ ಕೊಡಪ್ಪಾ."

ಹೆಸರು ಮಾತ್ರ ಹೇಳ್ತಿರ್ಲಿಲ್ಲ. ದೇವರಿಗೆ ಎಲ್ಲಾರ ಹೆಸರೂ ಗೊತ್ತಿರ್ತಾವ, ಮ್ಯಾಲೆ ನಾ ಯಾಕ ಹೇಳಿ ಪಾಪ ಕಟ್ಕೊಳ್ಳಲಿ? ಟವೆಲ್ಲಿನವರು ನಮ್ಮನಿಯವ್ರು. ಮೊಬೈಲಿನಾಕಿ ಪಿಯುಸಿ ಓದೋ ಮಗಳು. ಕರದಂಟಿನವ್ರು ನಮ್ಮತ್ತಿ. ಅತ್ತಿಗೆ ಹಸಿವು ತಡಿಯೂದಿಲ್ಲ. ನಾ ಉಸಿರು ತೊಗೊಳ್ಳಾಕ ಒಂದ್ ಚೂರು ನಿಂತ್ನೆಂದ್ರ ಸಾಕು, "ಆಮೆನ್!" ಅಂತ ಜೋರ್ ಕೂಗಿ ತಾಟಿಗೆ ಕೈ ಹಾಕ್ತಿದ್ರು. ಹಂಗಾಗಿ ನಾ ಉಸಿರು ತೊಗೊಳ್ಳದ ಪ್ರಾರ್ಥನಿ ಮಾಡೂದು ಕಲ್ತೆ.

ಈ ಗಂಟಲ ನನಗ ನಮ್ಮಪ್ಪನಿಂದ ಬಂದದ್ದು. ಅಪ್ಪ ಬಾದಾಮಿ ಸುತ್ತಿನ ಹಳ್ಳಿಯೊಳಗ ಸೈಕಲ್ ಮ್ಯಾಲೆ ತಿರುಗಿ ವಾಕ್ಯ ಹೇಳೋ ಉಪದೇಶಿ ಆಗಿದ್ದ. ಮೈಕ್ ಇಲ್ಲದ ಕಾಲದ ಮನಿಷ್ಯಾ. ಅಂವ ಬಯಲಾಗ ನಿಂತು ಕೂಗಿ ಕೂಗಿ ಬೆಳೆಸಿದ ಧ್ವನಿ ನನ್ನ ಪಾಲಿಗೆ ಬಂತು, ಅಂವನ ತಾಳ್ಮಿ ಮಾತ್ರ ನನ್ನ ತಂಗಿ ಪಾಲಿಗೆ ಹೋತು. ಲಗ್ನ ಆಗಿ ಇಳಕಲ್ಲಿಗೆ ಬಂದೆ. ಇಲ್ಲಿ ನಮ್ಮ ಗೋಡಿಗೆ ಹತ್ತಿ ಬಾಜೂ ಮನಿಯವರ ಪವರ್‌ಲೂಮು. ಮುಂಜಾನಿಂದ ಖಟಾಖಟ ಖಟಾಖಟ. ಅದರ ಮ್ಯಾಲೆ ಕೇಳಿಸಬೇಕಂದ್ರ ನಾ ಇನ್ನೂ ಏರಿಸಬೇಕು. ನಡುವ ಕರೆಂಟ್ ಹೋತಂದ್ರ ಮುಗೀತು, ಮಗ್ಗ ಒಮ್ಮೆಲೇ ನಿಂತು ನನ್ನ ಪ್ರಾರ್ಥನಿ ಇಡೀ ಓಣಿಗೆ ಕೇಳ್ತಿತ್ತು. ಮರುದಿನ ಬಾಜೂ ಮನಿ ಅಕ್ಕ ನೀರು ಹಿಡಿಯಾಕ ಬಂದಾಗ, "ನಿನ್ನೆ ನಿಮ್ಮ ಪ್ರಾರ್ಥನಿ ಭಾಳ ಚಲೋ ಕೇಳಿಸ್ತು ನೋಡವಾ. ಯಜಮಾನ್ರು ಈಗರ ಟವೆಲ್ ಹಗ್ಗದ ಮ್ಯಾಲೆ ಹಾಕ್ತಾರೋ ಇಲ್ಲೋ?" ಅಂತ ಕೇಳ್ತಿದ್ಲು.

ಟವೆಲ್ಲು, ಮೊಬೈಲು ಎಲ್ಲಾ ಮಾತಿಗೆ ಬಿಡ್ರಿ. ಖರೆ ಅಂದ್ರ ನನಗ ದೇವರ ಹತ್ರ ಬೇಕಾಗಿದ್ದು ಒಂದ. ನಮ್ಮನಿಯವ್ರನ್ನ ಬಾಗಲಕೋಟಿ ದವಾಖಾನಿಗೆ ಕರ್ಕೊಂಡು ಹೋಗಿ ಎದಿ ತೋರಿಸಬೇಕಾಗಿತ್ತು.

ಇವ್ರು ಗ್ರಾನೈಟ್ ಕಾರ್ಖಾನಿಯೊಳಗ ಕಲ್ಲಿನ ಅಂಚು ಉಜ್ಜೋ ಕೆಲಸ ಮಾಡ್ತಿದ್ರು. ಸಂಜಿಗೆ ಮನಿಗೆ ಬಂದ್ರ ಹುಬ್ಬು, ಕಿವಿ, ಮೂಗಿನ ಕೂದ್ಲ ಎಲ್ಲಾ ಬೆಳ್ಳಗ ಆಗಿರ್ತಿದ್ವು. ಲಗ್ನ ಆದ ಹೊಸದಾಗಿ ನಾ ನಗ್ತಿದ್ದೆ, ಈಗಿಂದ ಈಗ ಮುದುಕ ಆಗಿ ಬಂದ್ರಿ ಅಂತ. ಎರಡು ವರ್ಷದಿಂದ ಕೆಮ್ಮು ಹಿಡಿದಿತ್ತು. ಮೆಟ್ಲ ಹತ್ತಿದ್ರ ನಿಂತು ನಿಂತು ಉಸಿರು ತೊಗೊಳ್ಳೋರು. ಇವರ ಬಾಜೂ ಮಷಿನ್ನಿನ ಗೆಳೆಯ ಒಬ್ರು ಹಿಂಗ ಕೆಮ್ಮಿ ಕೆಮ್ಮಿ ಒಣಗಿ ತೀರ್ಕೊಂಡಿದ್ರು. ಅವರ ಮಣ್ಣಿಗೆ ಹೋಗಿ ಬಂದ ಮ್ಯಾಲೆ ಇವ್ರು ಕೆಮ್ಮಿನ ಸುದ್ದಿ ತಗದ್ರ ಎದ್ದು ಹೊರಗ ಹೋಗಾಕ ಶುರು ಮಾಡಿದ್ರು. ನಾ ಬೆನ್ನು ಹತ್ತಿ, "ಒಂದ್ ಫೋಟೋ ತಗಸೂನ್ರಿ, ಎದಿ ಒಳಗ ಏನೈತಿ ನೋಡೂನು" ಅಂದ್ರ, "ಏನಿರ್ತೈತಿ, ನೀನ ಇರ್ತಿ" ಅಂತಿದ್ರು. ಹಂಗಂದ್ರ ನಾ ನಾಚ್ಕೊಂಡು ಸುಮ್ಮಾಗ್ತೇನಿ ಅಂತ ಅವ್ರಿಗೆ ಗೊತ್ತಿತ್ತು. ಮೊದಮೊದಲು ಸುಮ್ಮನೂ ಆದೆ, ಹುಚ್ಚ ಖೋಡಿ.

ಆಮ್ಯಾಗ ನಾ ದೇವರ ಕಡಿಂದ ಬೈಸಾಕ ಶುರು ಮಾಡಿದೆ. "ಕರ್ತನೇ, ಈ ಮನಿ ಯಜಮಾನಗ ಹೆಂಡ್ರು ಮಕ್ಕಳ ಮ್ಯಾಲೆ ಮಾಯೆ ಇಲ್ಲ. ಕಲ್ಲಿನ ಜೋಡಿ ಇದ್ದು ಇದ್ದು ಕಲ್ಲ ಆಗ್ಯಾನ. ನಾಳಿ ನಾವು ಬೀದಿಗೆ ಬಿದ್ರ ಅಂವ ನಿನ್ನ ಮುಂದ ಏನ್ ಉತ್ತರಾ ಕೊಡ್ತಾನ ಅದನ್ನರ ಕೇಳು." ಒಂದು ಕಣ್ಣು ಒಂಚೂರು ತೆರದು ನೋಡಿದ್ರ ಇವ್ರು ಕಣ್ಣು ಗಟ್ಟಿ ಮುಚ್ಕೊಂಡು, ಮೊಣಕಾಲ ಮ್ಯಾಲೆ ಕೈ ಇಟ್ಕೊಂಡು, ಮಳಿ ನಿಲ್ಲಲಿ ಅಂತ ಮಾಳಿಗಿ ಕೆಳಗ ನಿಂತವ್ರಂಗ ಕುಂತಿರ್ತಿದ್ರು. ಮುಗಿದ ಮ್ಯಾಲೆ ಸಣ್ಣಗ ಆಮೆನ್ ಅಂತಿದ್ರು. ಜೀವಮಾನದಾಗ ಅವ್ರು ಬಾಯಿ ಬಿಟ್ಟು ಮಾಡಿದ ಪ್ರಾರ್ಥನಿ ಅಂದ್ರ ಅದೊಂದ ಶಬ್ದ.

ಶುಕ್ರವಾರಕ್ಕೊಮ್ಮೆ ಉಪವಾಸ ಹಿಡದೆ. ಉಪವಾಸದ ದಿನ ನನ್ನ ಸಿಟ್ಟು ದುಪ್ಪಟ್ಟು ಆಗಿ, ಮಗಳು ಶುಕ್ರವಾರ ಬಂತಂದ್ರ ಕಾಲೇಜಿನ್ಯಾಗ ಎಕ್ಸ್ಟ್ರಾ ಕ್ಲಾಸ್ ಐತಿ ಅನ್ನಾಕ ಶುರು ಮಾಡಿದ್ಲು. ಅಷ್ಟಕ್ಕ ಬಿಡಲಿಲ್ಲ. ಹೆಣ್ಮಕ್ಕಳ ಪ್ರಾರ್ಥನಾ ಕೂಟದಾಗ ಎದ್ದು ನಿಂತು, "ನಮ್ಮನಿಯವ್ರ ಎದಿ ಸಲುವಾಗಿ ಎಲ್ಲಾರೂ ಪ್ರಾರ್ಥನಿ ಮಾಡ್ರಿ, ಅದಕ್ಕಿಂತ ಹೆಚ್ಚು ಅವ್ರ ಹಟದ ಸಲುವಾಗಿ ಮಾಡ್ರಿ" ಅಂತ ಅತ್ತು ಹೇಳಿದೆ. ಹೆಣ್ಮಕ್ಕಳು ತಮ್ಮ ತಮ್ಮ ಗಂಡಂದ್ರಿಗೆ ಹೇಳಿದ್ರು. ಮುಂದಿನ ಐತಾರ ಗುಡಿಯಿಂದ, ಅಂದ್ರ ನಮ್ಮ ಚರ್ಚಿನಿಂದ, ಹೊರಗ ಬರೂದ ತಡ, ಗಂಡಸ್ರೆಲ್ಲಾ ಇವರ ಸುತ್ತ ನಿಂತು "ಏನ್ರಿ, ಕೆಮ್ಮು ಹೆಂಗೈತಿ? ಹಟ ಹೆಂಗೈತಿ?" ಅಂತ ಕೇಳಿದ್ರಂತ. ಮರು ಐತಾರದಿಂದ ಇವ್ರು ಚರ್ಚಿಗೆ ಬರೂದನ್ನೂ ಬಿಟ್ರು. ದವಾಖಾನಿಗೆ ಕಳಸಾಕ ಹೋದಾಕಿ ಇದ್ದ ಚರ್ಚನ್ನೂ ಬಿಡಸಿದೆ. ಭಕ್ತಿ ಅಂದ್ರ ಇದಪಾ!

ತಲಿ ಮೊಸರಗಡಿಗಿ ಆಗಿ ಕುಂತಾಗ ಪಾಸ್ಟರಮ್ಮ ಬಂದ್ರು. ನಾ ಕುಪ್ಪಸ ಹೊಲಿಯಾಕಿ, ಅವ್ರು ಅಳತಿ ಕೊಡಾಕ ಬಂದಿದ್ರು. ಮೈಸೂರು ಕಡೆಯವ್ರು, ಅವ್ರ ಕನ್ನಡಾ ಕೇಳಿದ್ರ ಯಾರೋ ಪಾಠ ಓದಿದಂಗ ಇರ್ತೈತಿ. ನನ್ನ ಕಥಿ ಎಲ್ಲಾ ಕೇಳಿ, ತೋಳು ಎತ್ತಿ ನಿಂತಲ್ಲೇ ಹೇಳಿದ್ರು: "ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಗಂಡನನ್ನು ಮಾತಿನಿಂದ ಗೆಲ್ಲೋಕಾಗಲ್ಲ. ನಡತೆಯಿಂದ ಗೆಲ್ಲಬೇಕು."

"ನಡತಿ ಅಂದ್ರ ಏನ್ ಮಾಡಬೇಕ್ರಿ ಮತ್ತ?" ಅಂತ ಕೇಳಿದೆ. ಏನರ ಮಾಡೂದಿದ್ರ ಹೇಳ್ಲಿ, ಈಗ ಮಾಡ್ತೇನಿ ಅಂತ ಟೇಪು ಹಿಡ್ಕೊಂಡು ತಯಾರಾಗಿ ನಿಂತಿದ್ದೆ.

"ಏನೂ ಮಾಡಬೇಡಿ. ಸ್ವಲ್ಪ ದಿನ ಸುಮ್ಮನಿರಿ."

ಅಯ್ಯ ಶಿವನ! ಉಪದೇಶಿ ಮಗಳಾದ್ರೂ ಬಾಯಾಗ ಇದ ಬರ್ತೈತಿ ನೋಡ್ರಿ, ಇಳಕಲ್ಲಿನ ಓಣಿ ಕಲಿಸಿದ್ದು. ಆದ್ರ ಅವತ್ತ ನಿಶ್ಚಯ ಮಾಡಿದೆ. ಬೈಯೂದಿಲ್ಲ, ದೂರೂದಿಲ್ಲ, ದೇವರ ಕಡಿಂದ ಹೇಳಸೂದಿಲ್ಲ. ಯಾರಿಗೂ ಹೇಳೂದೂ ಇಲ್ಲ. ಹೇಳಿದ್ರ ಅದೂ ಮಾತ ಆತಲ್ಲ.

ಮರುದಿನ ಮುಂಜಾನೆ ಇವ್ರು ಎಂದಿನಂಗ ಹಸೀ ಟವೆಲ್ಲು ತಂದು ನಾ ಕತ್ತರಿಸಿ ಇಟ್ಟಿದ್ದ ಕುಪ್ಪಸದ ಖಣದ ಮ್ಯಾಲೆ ಒಗದ್ರು. ಗಿರಾಕಿ ಕೊಟ್ಟ ಖಣ! ನನ್ನ ಜೀವಾ ಬಾಯಿಗೆ ಬಂತು. ತಡಿಯಾಕ ಆಗದ ನಾಕು ಟಾಚಣಿ, ಅಂದ್ರ ಗುಂಡುಸೂಜಿ, ತಗದು ತುಟಿ ನಡುವ ಕಚ್ಚಿ ಹಿಡದೆ. ಹೊಲಿಯೋರು ಬಾಯಾಗ ಟಾಚಣಿ ಇಟ್ಕೊಳ್ಳೂದು ಸಹಜ, ಯಾರೂ ಏನೂ ಅನ್ನೂದಿಲ್ಲ. ಅವತ್ತಿನಿಂದ ಸಿಟ್ಟು ಬಂದಾಗೆಲ್ಲಾ ಟಾಚಣಿ ಕಚ್ಚಾಕತ್ತಿದೆ. ಮುಂಜಾನಿಂದ ಸಂಜಿತನಕ ಬಾಯಾಗ ಟಾಚಣಿ ಇರಾಕತ್ತಿದ್ವು, ನನಗ ಅಷ್ಟು ಸಿಟ್ಟು ಬರ್ತೈತಿ ಅಂತ ನನಗೂ ಗೊತ್ತಿರ್ಲಿಲ್ಲ.

ಮನ್ಯಾಗ ಗದ್ದಲ ಎದ್ದಿತು. ಮೊದಲು ಮಗಳು. "ಅವ್ವಾ, ನಿನ್ನ ರೀಚಾರ್ಜ್ ಖಾಲಿ ಆಗೈತೇನ?" ಅಂದ್ಲು. ನಾ ನಕ್ಕು ತಲಿ ಸವರಿದೆ. ನಾ ನಕ್ಕಿದ್ದು ನೋಡಿ ಅಕಿ ಗಾಬರಿ ಆಗಿ ಮೊಬೈಲು ಇಟ್ಟು ಪುಸ್ತಕ ತಗದ್ಲು. ರಾತ್ರಿ ಪ್ರಾರ್ಥನಿ ಎರಡ ಮಾತಿನ್ಯಾಗ ಮುಗಿಸಿದೆ: "ಕರ್ತನೇ, ಈ ಅನ್ನಕ್ಕ ಸ್ತೋತ್ರ. ಎಲ್ಲಾರನ್ನೂ ಕಾಪಾಡು." ಅತ್ತಿಗೆ ಆಮೆನ್ ಅನ್ನಾಕ ಸಂದ ಸಿಗಲಿಲ್ಲ. ಮೊದಲ ದಿನ ಖುಷಿಯಿಂದ ಉಂಡ್ರು. ಎರಡನೇ ದಿನ ರೊಟ್ಟಿ ಕೈಯಾಗ ಹಿಡ್ಕೊಂಡು ನನ್ನ ಮಾರಿನ ನೋಡ್ತಾ ಕುಂತ್ರು. ಮೂರನೇ ದಿನ ಬಾಜೂ ಮನಿ ಅಕ್ಕನ್ನ ಕರದ್ರು.

ಆ ಅಕ್ಕ ಉಪ್ಪು, ಒಣಮೆಣಸಿನಕಾಯಿ ತಂದು ನನ್ನ ಮುಂದ ನಿಂತ್ಲು, ದೃಷ್ಟಿ ತಗಿಯಾಕ. ಇಷ್ಟು ವರ್ಷ ಇದ ಅತ್ತಿಗೆ ನಾ "ದೃಷ್ಟಿ ಗಿಷ್ಟಿ ಎಲ್ಲಾ ನಮಗ ಬರಂಗಿಲ್ರಿ, ನಾವು ವಿಶ್ವಾಸಿಗಳು" ಅಂತ ಉದ್ದುದ್ದ ಬೋಧನಿ ಮಾಡೀನಿ. ಈಗ ಬ್ಯಾಡ ಅನ್ಬೇಕಂದ್ರ ಬಾಯಿ ತೆರಿಬೇಕು. ತೆರದ್ರ ಬರೇ ಬ್ಯಾಡ ಅನ್ನೂದಕ್ಕ ನಿಲ್ಲೂದಿಲ್ಲ, ನನ್ನ ಬಾಯಿ ನನಗ ಗೊತ್ತಿಲ್ಲೇನು. ಸುಮ್ಮನ ನಿಂತೆ. ಉಪದೇಶಿ ಮಗಳ ತಲಿ ಸುತ್ತ ಮೆಣಸಿನಕಾಯಿ ತಿರುಗಿದ್ವು. ಅದರ ಮ್ಯಾಲೆ ಅತ್ತಿ, "ಏಸಪ್ಪ ಏನೂ ಅನ್ಕೊಳ್ಳೂದಿಲ್ಲ ತೊಗೋ, ಅವನೂ ತಾಯಿ ಮಗನ ಅಲ್ಲೇನು" ಅಂತ ಸಮಾಧಾನ ಹೇಳಿದ್ರು. ಮೆಣಸಿನಕಾಯಿ ಒಲಿಗೆ ಒಗದಾಗ ಘಾಟು ಬರಲಿಲ್ಲಂತ. "ಭಾಳ ಜೋರ್ ದೃಷ್ಟಿ ಆಗೈತಿ" ಅಂದ್ಲು ಅಕ್ಕ. ಘಾಟು ಬರದ ಮೆಣಸಿನಕಾಯಿ ಎಲ್ಲಿ ಕೊಂಡ್ಲೋ ಅಕಿನ್ನ ಕೇಳಬೇಕು ಅಂತ ನಾಲಿಗಿ ತುದಿಗೆ ಬಂದಿತ್ತು. ಟಾಚಣಿ ಕಚ್ಚಿದೆ.

ಇತ್ತ ನಮ್ಮನಿಯವ್ರು ಬದಲ ಆಗಾಕತ್ತಿದ್ರು. ಟವೆಲ್ಲು ಹಗ್ಗದ ಮ್ಯಾಲೆ ಹೋತು. ಕಾರ್ಖಾನಿಯಿಂದ ಬರುಮುಂದ ಬಸ್ ಸ್ಟ್ಯಾಂಡ್ ಹತ್ರ ಮಿರ್ಚಿ ಭಜಿ ಕಟ್ಟಿಸ್ಕೊಂಡು ಬಂದು ಮಷಿನ್ ಬಾಜೂಕ ಇಟ್ರು. ನಾ ಹೊಲಿಯುಮುಂದ ಬಾಗಿಲದಾಗ ನಿಂತು ನೋಡ್ತಿದ್ರು. ನೋಡಿ ನೋಡಿ ಹೊರಗ ಹೋಗಿ ಕೆಮ್ಮಿ ಮತ್ತ ಬಂದು ನೋಡ್ತಿದ್ರು. ನಾ ಒಳಗೊಳಗ ಉಬ್ಬಿದೆ. ನೋಡು ಕರ್ತನೇ, ನನ್ನ ನಡತಿ ಹೆಂಗ ಕೆಲಸ ಮಾಡಾಕತ್ತೈತಿ, ಇನ್ನ ಎರಡು ದಿನ ಕೊಡು ಅಂತ ಮನಸಿನ್ಯಾಗ ಜಂಬದ ಪ್ರಾರ್ಥನಿ ಶುರು ಆತು. ಬಾಯಿ ಮುಚ್ಚಿದ್ರೂ ನನ್ನ ಸೊಕ್ಕು ಮುಚ್ಚಿರ್ಲಿಲ್ಲ.

ಆರನೇ ದಿನ ರಾತ್ರಿ ನನ್ನ ಎರಡು ಮಾತಿನ ಪ್ರಾರ್ಥನಿ ಮುಗೀತು. ಅತ್ತಿ ಆಮೆನ್ ಅನ್ನಾಕ ಬಾಯಿ ತೆರದ್ರು. ಅಷ್ಟರಾಗ ಗಂಡಸಿನ ದನಿ ಬಂತು.

"ಕರ್ತನೇ," ಅಂದ್ರು ಇವ್ರು. ಅಷ್ಟಕ್ಕ ನಿಂತ್ರು. ಕೆಮ್ಮಿದ್ರು. "ನನಗ ಇದು ಬರಂಗಿಲ್ಲ. ಇಕಿಗೆ ಬರ್ತಿತ್ತು. ಇಕಿಗೆ ಏನೋ ಆಗೈತಿ, ಮಾತ ನಿಂತಾವ. ನಾ ನಾಳಿ ಬಾಗಲಕೋಟಿ ದವಾಖಾನಿಗೆ ಕರ್ಕೊಂಡು ಹೊಂಟೇನಿ. ನೀ ಜೋಡಿ ಇರು."

ಮಗಳು ನನ್ನ ತೊಡಿ ಚಿವುಟಿದ್ಲು. ಕಣ್ಣು ತೆರದು, ಇಲ್ರಿ ನನಗೇನೂ ಆಗಿಲ್ಲ ಅಂತ ಅಂದ್ಬಿಡಬೇಕಿತ್ತು. ಅನ್ನಲಿಲ್ಲ. ಹೋಗೂದು ಬಾಗಲಕೋಟಿಗೆ, ಅದೂ ದವಾಖಾನಿಗೆ, ಜೋಡಿ ಇವ್ರ ಇರ್ತಾರ. ಎರಡು ವರ್ಷದಾಗ ನನ್ನ ಬಾಯಿಗೆ ಆಗದ್ದು ಕೈಗೆ ಬಂದು ಬಿದ್ದೈತಿ. ಸುಳ್ಳು ಹೇಳೂದು ಪಾಪ, ಖರೆ. ಆದ್ರ ನಾ ಏನೂ ಹೇಳೇ ಇಲ್ಲಲ್ಲ ಅಂತ ದೇವರ ಜೋಡಿ ವಕೀಲಿಕಿ ಮಾಡಿ ಜಡ್ಡಾದಾಕಿ ಹಂಗ ತಲಿ ತಗ್ಗಿಸಿದೆ.

ಬಸ್ಸಿನ್ಯಾಗ ಕಿಡಕಿ ಬಾಜೂಕಿನ ಸೀಟು ನನಗ ಕೊಟ್ರು. ನನ್ನ ತಲಿ ತಮ್ಮ ಹೆಗಲ ಮ್ಯಾಲೆ ಇಟ್ಕೋ ಅಂದ್ರು. ಹುನಗುಂದದಾಗ ಇಳದು ನೀರಿನ ಬಾಟ್ಲಿ, ಎರಡು ಬಾಳಿಹಣ್ಣು ತಂದ್ರು. ಓಡಿ ಹೋಗಿ ಬಂದದ್ದಕ್ಕ ಸೀಟಿಗೆ ಕುಂತು ಭಾಳ ಹೊತ್ತು ಕೆಮ್ಮಿದ್ರು. ಕಂಡಕ್ಟರ್ ತಿರುಗಿ ನೋಡಿದ. ನಾ ಹಣ್ಣು ಸುಲದು ಕೈಯಾಗ ಹಿಡ್ಕೊಂಡು, ಬಾಯಿಗೆ ಇಡಾಕ ಮನಸಾಗದ, ಬಾಗಲಕೋಟಿತನಕ ಹಂಗ ಕುಂತೆ. ಈ ಮನಿಷ್ಯಾಗ ನಾ ಮೋಸ ಮಾಡಾಕತ್ತಿದ್ದೆ.

ಡಾಕ್ಟರು ವಯಸ್ಸಿನವ್ರು. "ಏನಾಗೈತಿ?" ಅಂತ ಕೇಳಿದ್ರು. ಇವ್ರು, "ಮಾತ ನಿಂತಾವ್ರಿ ಸಾಹೇಬ್ರ. ಮೊದಲ ಭಾಳ ಮಾತಾಡ್ತಿದ್ಲು. ಭಾಳ ಅಂದ್ರ ಭಾಳ" ಅಂದ್ರು. ಡಾಕ್ಟರು ನನಗ ನಾಲಿಗಿ ತಗಿ ಅಂದ್ರು. ಬ್ಯಾಟ್ರಿ ಬಿಟ್ಟು ಗಂಟಲಾ ನೋಡಿದ್ರು. "ಆ ಅನ್ನು" ಅಂದ್ರು.

"ಆ" ಅಂದೆ. ಬಾಯಿ ತೆರೀತು ನೋಡ್ರಿ, ಅಲ್ಲಿಗೆ ಮುಗೀತು.

"ಆ... ನನಗೇನೂ ಆಗಿಲ್ರಿ ಡಾಕ್ಟರ್! ನನ್ನ ಗಂಟಲಾ ಏನ್ ನೋಡ್ತೀರಿ, ಅದು ಕಲ್ಲಿದ್ದಂಗ ಐತಿ. ಇವ್ರ ಎದಿ ನೋಡ್ರಿ. ಎರಡು ವರ್ಷದಿಂದ ಕೆಮ್ಮಾಕತ್ತಾರ, ಗ್ರಾನೈಟ್ ಉಜ್ಜೋ ಕೆಲಸ, ಮೂಗಿಗೆ ಒಂದ್ ಅರಿವಿ ಕಟ್ಕೋರಿ ಅಂದ್ರ ಕಟ್ಕೊಳ್ಳೂದಿಲ್ಲ, ಹತ್ತು ಮೆಟ್ಲ ಹತ್ತಾಕ ಆಗೂದಿಲ್ಲ, ನಾ ಹೇಳಿದ್ರ ಎದ್ದು ಹೋಗ್ತಾರ, ನಿಮ್ಮ ಕಾಲಿಗೆ ಬೀಳ್ತೇನಿ, ಒಂದ್ ಫೋಟೋ ತಗೀರಿ!"

ಒಂದು ವಾರದ ಮಾತು ಒಮ್ಮೆಲೇ ಬಂದದ್ದು, ನನಗ ನಿಲ್ಲಸಾಕ ಬರಲಿಲ್ಲ. ಡಾಕ್ಟರು ಬ್ಯಾಟ್ರಿ ಆರಿಸದ ಹಂಗ ಹಿಡ್ಕೊಂಡು ಕುಂತಿದ್ರು. ಇವ್ರು ಸಿಟ್ಟಿಗೇಳ್ತಾರ, ಎದ್ದು ಹೊರಗ ಹೋಗ್ತಾರ ಅಂತ ನಾ ಬಾಗಿಲಕ ಅಡ್ಡ ನಿಂತೆ. ಇವ್ರು ಎದ್ರು ಖರೆ, ಹೊರಗ ಹೋಗಲಿಲ್ಲ. ನನ್ನ ಕಡೆ ತಿರುಗಿ, "ನೀ ಚಲೋ ಅದಿ?" ಅಂದ್ರು. ಹೂಂ ಅಂದೆ. "ಖರೇನ ಚಲೋ ಅದಿ?" ಮತ್ತ ಹೂಂ ಅಂದೆ. ಇವ್ರು ಅಂಗಿ ಬಿಚ್ಚಾಕತ್ತಿದ್ರು.

ಫೋಟೋ ನೋಡಿ ಡಾಕ್ಟರು ಸುತ್ತಿಬಳಸಿ ಹೇಳಲಿಲ್ಲ. ಕಲ್ಲಿನ ಧೂಳು ಎದಿಯೊಳಗ ಕುಂತೈತಿ. ಕುಂತಿದ್ದು ಹೊರಗ ಬರಂಗಿಲ್ಲ. ಇನ್ನ ಮ್ಯಾಲೆ ಧೂಳು ಹೋಗಬಾರದು, ಆ ಕೆಲಸ ಬಿಡಬೇಕು, ಔಷಧ ತಪ್ಪಸಬಾರದು. ಹಂಗ ಮಾಡಿದ್ರ ಇದ್ದಷ್ಟಕ್ಕ ಹಿಡದು ನಿಲ್ಲಸಾಕ ನೋಡಬಹುದು. ಮೊದಲ ಬಂದಿದ್ರ ಇನ್ನೂ ಚಲೋ ಇತ್ತು ಅಂದ್ರು.

ಹೊರಗ ವರಾಂಡದ ಬೆಂಚಿನ ಮ್ಯಾಲೆ ಕುಂತ್ವಿ. ನನಗ ನನ್ನ ಮ್ಯಾಲೆ ಸಿಟ್ಟು ಬಂದಿತ್ತು. ಎರಡು ವರ್ಷ ಕೂಗಾಡಿದ್ದು ವ್ಯರ್ಥ, ಒಂದು ವಾರ ಸುಮ್ಮನಿದ್ದದ್ದಕ್ಕ ಮನಿಷ್ಯಾ ಎದ್ದು ಬಂದ. ಮೊದಲ ಬಾಯಿ ಮುಚ್ಚಿದ್ರ ಆಗ್ತಿತ್ತಲ್ಲ, ಇಷ್ಟು ಧೂಳರ ಒಳಗ ಹೋಗ್ತಿರಲಿಲ್ಲ. ಹಂಗಂತ ಅವ್ರಿಗೂ ಅಂದೆ. "ನನ್ನ ಬಾಯಿ ಸಂಬಂಧ ನೀವು ಬರಲಿಲ್ಲ. ಇನ್ನ ಮ್ಯಾಲೆ ನಾ ಮಾತಾಡೂದಿಲ್ರಿ. ದೇವರಾಣಿ ಮಾತಾಡೂದಿಲ್ಲ."

ಇವ್ರು ಕೈಯಾಗಿನ ಫೋಟೋ ಕವರು ತೊಡಿ ಮ್ಯಾಲೆ ಇಟ್ಕೊಂಡ್ರು. ಆಮ್ಯಾಗ ಸಣ್ಣಗ ಹೇಳಿದ್ರು.

"ನಮ್ಮ ಬಾಜೂ ಮಷಿನ್ನಿನವ ಸಾಯುಮುಂದ ನಾ ದಿನಾ ಅವನ ಮನಿಗೆ ಹೋಗ್ತಿದ್ದೆ. ಅವನ ಹೆಂಡ್ತಿ ನಿನ್ನಂಗ ಬಾಯಿ ಮಾಡಾಕಿ. ಕಡೀಕ ಕಡೀಕ ಅಕಿ ಬೈಯೂದ ಬಿಟ್ಲು. ಹೇಳಿದ್ದಕ್ಕೆಲ್ಲಾ ಹೂಂ ಅನ್ನಾಕಿ, ಏನ್ ಬೇಕು ಏನ್ ಬೇಕು ಅಂತ ಕೇಳಾಕಿ. ಅಂವ ನನ್ನ ಕೈ ಹಿಡದು ಹೇಳಿದ, ದೋಸ್ತ, ಇಕಿ ಬೈಯೂದ ಬಿಟ್ಟಾಳ, ಡಾಕ್ಟರ್ ಇಕಿಗೆ ಏನೋ ಹೇಳ್ಯಾನ, ನನ್ನ ಕಥಿ ಮುಗದೈತಿ ಅಂತ. ಎರಡು ವಾರಕ್ಕ ಹೋದ." ಕೆಮ್ಮು ಬಂತು, ಮುಗಿಯೂತನಕ ತಡದ್ರು. "ನೀ ದಿನಾ ಬೈತಿದ್ದಿ. ನಾ ಚಾಪಿ ಮ್ಯಾಲೆ ಕುಂತು, ಇಕಿ ಇಷ್ಟು ಬೈಯಾಕತ್ತಾಳಂದ್ರ ನನಗಿನ್ನೂ ಏನೂ ಆಗಿಲ್ಲ ಅನ್ಕೊಂತಿದ್ದೆ. ನೀ ಸುಮ್ಮ ಆದಿ. ಯಾರೋ ನಿನಗ ಹೇಳ್ಯಾರ, ನನ್ನ ಕೈ ಬಿಟ್ಟಿ ಅನ್ಕೊಂಡೆ. ಅಂಜಿಕಿ ಬಂತು. ನನ್ನ ಎದಿ ತೋರಿಸು ಅನ್ನಾಕ ಬಾಯಿ ಬರಲಿಲ್ಲ, ನಿನಗ ಜಡ್ಡು ಅಂದೆ."

ಅಳಬಾರದು ಅಂತ ಸೆರಗು ಬಾಯಿಗೆ ಇಟ್ಕೊಂಡೆ. ಇವ್ರ ಮಾರಿ ಒಮ್ಮೆಲೇ ಬೆಳ್ಳಗಾತು. ನನ್ನ ಮಾರಿನ ನೋಡ್ತಾ, "ಏನರ ಅನ್ನು" ಅಂದ್ರು.

ಏನನ್ಲಿ? ಕಣ್ಣೀರಾಗ ಅವ್ರು ಸರಿಯಾಗಿ ಕಾಣವಲ್ರು. ಒರಸ್ಕೊಂಡು ನೋಡಿದೆ. ಫೋಟೋ ತಗಸಾಕ ಬಿಚ್ಚಿದ ಅಂಗಿ ಹಾಕ್ಕೊಂಡಿದ್ರಲ್ಲ, ಗುಂಡಿ ಒಂದೂ ತನ್ನ ಜಾಗಾದಾಗ ಇರಲಿಲ್ಲ. ಮ್ಯಾಲಿನದು ಕೆಳಗ, ಕೆಳಗಿನದು ಮ್ಯಾಲೆ, ಒಂದು ತುದಿ ಹೊಟ್ಟಿ ಮ್ಯಾಲೆ, ಒಂದು ತುದಿ ತೊಡಿ ಮ್ಯಾಲೆ.

"ಏನ್ರಿ ಇದು ಅವತಾರ!" ಅಂದೆ. "ಹೊಲಿಯಾಕಿ ಗಂಡ ಆಗಿ ಗುಂಡಿ ಹಾಕ್ಕೊಳ್ಳಾಕ ಬರಂಗಿಲ್ಲೇನ್ರಿ ನಿಮಗ? ಇಷ್ಟು ಮಂದಿ ನಡುವ ಹಿಂಗ ಕುಂತೀರಲ್ಲ, ನನ್ನ ಮರ್ಯಾದಿ ಏನಾಗಬೇಕು? ನಾಳಿಂದ ಕಾರ್ಖಾನಿ ಕಡೆ ಕಾಲಿಟ್ಟು ನೋಡ್ರಿ, ಕಾಲ ಮುರೀತೇನಿ. ಗುಳಿಗಿ ಒಂದು ತಪ್ಪಿಸಿ ನೋಡ್ರಿ. ನೋಡ್ರಿ ಅಂದ್ನಿ!" ಬೈಕೋಂತ ಬೈಕೋಂತ ಒಂದೊಂದ ಗುಂಡಿ ಬಿಚ್ಚಿ ಹಾಕಾಕತ್ತಿದೆ. ನನ್ನ ದನಿ ಏರಿ ಒಡದು ಮತ್ತ ಏರಿತು. ಇವ್ರು ಸಣ್ಣ ಹುಡುಗನಂಗ ಎದಿ ಮುಂದ ಮಾಡಿ ಕುಂತ್ರು.

ವರಾಂಡದ ಆ ತುದಿಯಿಂದ ನರ್ಸು ಬಂದ್ಲು. "ಯಮ್ಮಾ, ದವಾಖಾನಿ ಇದು. ಸಣ್ಣಗ ಮಾತಾಡ್ರಿ."

"ಇರಲಿ ಬಿಡ್ರಿ ಸಿಸ್ಟರ್," ಅಂದ್ರು ನಮ್ಮನಿಯವ್ರು. "ಬೈಲಿ."